ಯಂತ್ರ ಮಾಡಿದ ತೀರ್ಮಾನ, ಯಂತ್ರವೇ ಬರೆದಿಟ್ಟ ದಾಖಲೆ: ರುಜುವಾತಿನ ಹೊಣೆ ಯಾರದು?

ಪ್ರಶ್ನೆ: ಕರಡುಓದುಗ

ಸ್ವಯಂಚಾಲಿತ ವ್ಯವಸ್ಥೆಗಳು ಮತ್ತು ವಿದ್ಯುನ್ಮಾನ ದಾಖಲೆಗಳ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ಮುಂದಿಟ್ಟಿರುವ ಕಾನೂನು ಪ್ರಸ್ತಾವಗಳನ್ನು ಈಚೆಗೆ ಓದುತ್ತಿದ್ದೇನೆ. ಅವುಗಳ ವ್ಯಾಪ್ತಿಯೂ ಭಾಷೆಯೂ ಒಂದೇ ಬಗೆಯಾಗಿಲ್ಲ. ಆದರೂ ಎರಡು ವಿಧಿಗಳು ಯಾವುದಾದರೂ ಒಂದು ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಒಂದು, ಸ್ವಯಂಚಾಲಿತ ವ್ಯವಸ್ಥೆ ಮಾಡಿದ ಕೆಲಸವನ್ನು ಆ ವ್ಯವಸ್ಥೆಯನ್ನು ಬಳಕೆಗೆ ತಂದವರೇ ಮಾಡಿದ್ದೆಂದು ಪರಿಗಣಿಸಬೇಕು ಎನ್ನುವ ವಿಧಿ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ, ಅಂದರೆ ಅನ್‌ಸಿಟ್ರಾಲ್, 1996ರಲ್ಲಿ ರೂಪಿಸಿದ ವಿದ್ಯುನ್ಮಾನ ವಾಣಿಜ್ಯದ ಮಾದರಿ ಕಾನೂನಿನ 13ನೆಯ ವಿಧಿಯಲ್ಲಿ ಇದರ ಮೂಲವಿದೆ. ಭಾರತದ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 11ನೆಯ ಕಲಂ ಅದನ್ನೇ ಅನುಸರಿಸುತ್ತದೆ. ತಾನಾಗಿಯೇ ಕೆಲಸ ಮಾಡುವಂತೆ ಒಬ್ಬರು ಸಿದ್ಧಪಡಿಸಿಟ್ಟ ವ್ಯವಸ್ಥೆ ಕಳುಹಿಸಿದ ದಾಖಲೆ ಅವರದ್ದೇ ಎಂದು ಅದು ಹೇಳುತ್ತದೆ. ಅನ್‌ಸಿಟ್ರಾಲ್ 2024ರಲ್ಲಿ ಅಂಗೀಕರಿಸಿದ ಸ್ವಯಂಚಾಲಿತ ಒಪ್ಪಂದಗಳ ಮಾದರಿ ಕಾನೂನು ಈ ತತ್ತ್ವವನ್ನು ಇನ್ನಷ್ಟು ವಿಸ್ತರಿಸಿದೆ.

ಇನ್ನೊಂದು, ದಾಖಲೆ ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದರ ಕಾನೂನು ಬಲವನ್ನು ನಿರಾಕರಿಸಬಾರದು ಎನ್ನುವ ವಿಧಿ. ಇಷ್ಟಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕೆಲವು ಕಾನೂನು ವ್ಯವಸ್ಥೆಗಳಲ್ಲಿ ಇದರ ಬೆನ್ನಿಗೇ, ವಿರುದ್ಧ ಪುರಾವೆ ಇಲ್ಲದಿದ್ದರೆ ಕಂಪ್ಯೂಟರು ಸರಿಯಾಗಿಯೇ ಕೆಲಸ ಮಾಡಿದೆ ಎಂದು ಭಾವಿಸಬೇಕೆಂಬ ಪೂರ್ವಭಾವನೆಯೂ ಬಂದು ಸೇರಿಕೊಳ್ಳುತ್ತದೆ.

ಒಂದೊಂದಾಗಿ ನೋಡಿದರೆ ಎರಡೂ ಸರಿ. ಯಂತ್ರವನ್ನು ನಡೆಸುವ ಸಂಸ್ಥೆಯೇ ಅದರ ದಾಖಲೆಯನ್ನೂ ಇಟ್ಟುಕೊಂಡಿದ್ದು, ಆ ದಾಖಲೆಯ ಆಧಾರದ ಮೇಲೆ ಒಬ್ಬ ವ್ಯಕ್ತಿಯಿಂದ ಹಣ ಕೇಳಿದಾಗ ಅಥವಾ ಅವನ ಮೇಲೆ ಆರೋಪ ಹೊರಿಸಿದಾಗ ಏನಾಗುತ್ತದೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಯಂತ್ರ ತಪ್ಪಿದೆ ಎಂದು ಅವನು ತೋರಿಸಬೇಕು. ತೋರಿಸಲು ಬೇಕಾದದ್ದೆಲ್ಲ ಎದುರು ಪಕ್ಷದ ಕೈಯಲ್ಲಿದೆ. ಇದನ್ನು ಸಮರ್ಪಕವಾಗಿ ನಿಭಾಯಿಸಿದ ಕಾನೂನು ಯಾವುದಾದರೂ ಇದೆಯೇ? ಹೊಸದಾಗಿ ಕಾಯ್ದೆ ಬರೆಯುವವರು ಈ ಎರಡು ವಿಷಯಗಳನ್ನು ಒಂದೇ ಕಾಯ್ದೆಯಲ್ಲಿ ಇಡಬೇಕೇ, ಪ್ರತ್ಯೇಕವಾಗಿ ಇಡಬೇಕೇ?


ಉತ್ತರ: ಸಾಕ್ಷ್ಯವಿಚಾರ

ಅಂಗೀಕಾರಾರ್ಹತೆ ಮತ್ತು ಪೂರ್ವಭಾವನೆ, ಇವೆರಡನ್ನು ಮೊದಲು ಬೇರ್ಪಡಿಸಿ ನೋಡೋಣ. ದಾಖಲೆಯನ್ನು ನ್ಯಾಯಾಲಯ ಸ್ವೀಕರಿಸಬಹುದೇ ಎಂಬುದು ಬಾಗಿಲಿನ ಪ್ರಶ್ನೆ. ಒಳಗೆ ಬಂದ ದಾಖಲೆ ಹೇಳುವುದನ್ನು ನಂಬಬಹುದೇ, ನಂಬಬಾರದೆನ್ನುವವರು ಏನು ರುಜುವಾತು ಮಾಡಬೇಕು ಎಂಬುದು ಅದಕ್ಕಿಂತ ದೊಡ್ಡದು. ಕಳೆದ ಮೂರು ದಶಕಗಳ ಶಾಸನಗಳು ಮೊದಲ ಪ್ರಶ್ನೆಗೆ ಕೊಟ್ಟ ಗಮನದ ಕಾಲುಭಾಗವನ್ನೂ ಎರಡನೆಯದಕ್ಕೆ ಕೊಟ್ಟಿಲ್ಲವೆಂಬುದು ನನ್ನ ಅಭಿಪ್ರಾಯ.

ನೀವು ಕೇಳಿದ ಸಂದರ್ಭಕ್ಕೆ ಇಂಗ್ಲೆಂಡಿನ ಇತಿಹಾಸಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಅಲ್ಲಿನ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯ 69ನೆಯ ಸೆಕ್ಷನ್ ಪ್ರಕಾರ, ಕಂಪ್ಯೂಟರಿನ ದಾಖಲೆಯನ್ನು ಮುಂದಿಡುವ ಪಕ್ಷವೇ ಆ ಕಂಪ್ಯೂಟರು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಿತ್ತು. ಇದು ಅನಗತ್ಯ ಹೊರೆಯೆಂದು 1997ರಲ್ಲಿ ಅಲ್ಲಿನ ಕಾನೂನು ಆಯೋಗ ಅಭಿಪ್ರಾಯಪಟ್ಟಿತು. 1999ರ ಕಾಯ್ದೆಯೊಂದು ಆ ಸೆಕ್ಷನನ್ನು ತೆಗೆದುಹಾಕಿತು. ಉಳಿದದ್ದು ನ್ಯಾಯಾಲಯಗಳೇ ಹಿಂದಿನಿಂದ ಪಾಲಿಸಿಕೊಂಡು ಬಂದಿದ್ದ ಪೂರ್ವಭಾವನೆ, ಅಂದರೆ ವಿರುದ್ಧ ಪುರಾವೆ ಬರುವವರೆಗೆ ಯಂತ್ರ ಸರಿಯಾಗಿತ್ತು ಎನ್ನುವ ನಂಬಿಕೆ. ಫುಜಿತ್ಸು ಕಂಪನಿ ಸಿದ್ಧಪಡಿಸಿದ ಹೊರೈಜನ್ ಲೆಕ್ಕಪತ್ರ ವ್ಯವಸ್ಥೆ ಅಲ್ಲಿನ ಅಂಚೆ ಕಚೇರಿಗಳಿಗೆ ಬಂದದ್ದೂ ಆ ಹೊತ್ತಿನಲ್ಲೇ. ಆ ವ್ಯವಸ್ಥೆ ತೋರಿಸಿದ ಕೊರತೆಯ ಲೆಕ್ಕವನ್ನು ನಂಬಿ, ಮುಂದಿನ ಒಂದೂವರೆ ದಶಕದಲ್ಲಿ 900ಕ್ಕೂ ಹೆಚ್ಚು ಉಪ ಅಂಚೆಪಾಲಕರನ್ನು ಕಳ್ಳತನ, ಸುಳ್ಳು ಲೆಕ್ಕದಂಥ ಅಪರಾಧಗಳಿಗೆ ಶಿಕ್ಷೆಗೆ ಗುರಿಮಾಡಲಾಯಿತು. ವ್ಯವಸ್ಥೆಯಲ್ಲಿ ದೋಷಗಳಿದ್ದವು, ಕಚೇರಿಯಲ್ಲಿ ಕುಳಿತವರಿಗೆ ತಿಳಿಯದಂತೆ ದೂರದಿಂದಲೇ ಅವರ ಲೆಕ್ಕವನ್ನು ಬದಲಾಯಿಸಬಹುದಿತ್ತು ಎಂಬುದು 2019ರ ಹೈಕೋರ್ಟ್ ತೀರ್ಪಿನಲ್ಲಿ ಸ್ಥಾಪಿತವಾಯಿತು. ಕೊನೆಗೆ 2024ರ ಮೇ ತಿಂಗಳಲ್ಲಿ ಆ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಗೊಳಿಸಲು ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಪೂರ್ವಭಾವನೆಯನ್ನು ಬದಲಾಯಿಸಬೇಕೇ ಎಂದು ಅಲ್ಲಿನ ನ್ಯಾಯ ಸಚಿವಾಲಯ 2025ರ ಜನವರಿಯಲ್ಲಿ ಸಾರ್ವಜನಿಕ ಅಭಿಪ್ರಾಯ ಕೇಳಿತು.

ಹಾಗಾದರೆ ಹಳೆಯ 69ನೆಯ ಸೆಕ್ಷನ್ ಉಳಿದಿದ್ದರೆ ಇದೆಲ್ಲ ತಪ್ಪುತ್ತಿತ್ತು ಎನ್ನಬಹುದೇ? ನನಗೆ ಅಷ್ಟು ಧೈರ್ಯವಿಲ್ಲ. ಮೊಕದ್ದಮೆ ಹೂಡುತ್ತಿದ್ದ ಸಂಸ್ಥೆಯ ಅಧಿಕಾರಿಯೊಬ್ಬರು ಕಂಪ್ಯೂಟರು ಸರಿಯಾಗಿತ್ತೆಂದು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಿದ್ದರು, ಅಷ್ಟೆ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನಲ್ಲೂ ಇದೇ ದೌರ್ಬಲ್ಯವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಕಲಂ ಹಳೆಯ ಕಾಯ್ದೆಯ 65ಬಿ ಕಲಮಿನ ಜಾಗಕ್ಕೆ ಬಂದಿದ್ದು, ಪ್ರಮಾಣಪತ್ರದಲ್ಲಿ ಎರಡು ಭಾಗಗಳನ್ನು ಕೇಳುತ್ತದೆ. ಒಂದಕ್ಕೆ ದಾಖಲೆ ಸಲ್ಲಿಸುವ ಪಕ್ಷದವರು ಸಹಿ ಮಾಡಬೇಕು, ಇನ್ನೊಂದಕ್ಕೆ ತಜ್ಞರು. ದಾಖಲೆಯ ಹ್ಯಾಶ್ ಮೌಲ್ಯವನ್ನೂ, ಅಂದರೆ ಅದರ ಒಳಾಂಶದಿಂದ ಲೆಕ್ಕಹಾಕಿ ಪಡೆದ ಬೆರಳಚ್ಚಿನಂಥ ಸಂಕೇತವನ್ನೂ ನಮೂದಿಸಬೇಕು. ಹಳೆಯದಕ್ಕೆ ಹೋಲಿಸಿದರೆ ಇದು ಮುಂದಿನ ಹೆಜ್ಜೆಯೇ. ಆದರೂ ಕಂಪ್ಯೂಟರು ಸರಿಯಾಗಿ ನಡೆಯುತ್ತಿತ್ತೆಂಬ ಮಾತಿಗೆ ಆಧಾರವಾಗುವುದು ಬಹುಮಟ್ಟಿಗೆ ಅದನ್ನು ನೋಡಿಕೊಳ್ಳುವವರ ಹೇಳಿಕೆಯೇ.

ನೀವು ಹುಡುಕುತ್ತಿರುವ ಮಾದರಿ ಕೆನಡಾದಲ್ಲಿದೆ. ಅಲ್ಲಿನ ಸಾಕ್ಷ್ಯ ಕಾಯ್ದೆಯ 31.3ನೆಯ ಸೆಕ್ಷನ್ ಪೂರ್ವಭಾವನೆಯನ್ನು ದಾಖಲೆ ಯಾರ ಸುಪರ್ದಿನಲ್ಲಿತ್ತು ಎಂಬುದಕ್ಕೆ ಜೋಡಿಸುತ್ತದೆ. ದಾಖಲೆಯನ್ನು ಮುಂದಿಡುವವರ ಎದುರು ಪಕ್ಷದವರೇ ಅದನ್ನು ಬರೆದಿಟ್ಟಿದ್ದರೆ ವ್ಯವಸ್ಥೆ ವಿಶ್ವಾಸಾರ್ಹವೆಂದು ಭಾವಿಸಬಹುದು. ಮೊಕದ್ದಮೆಗೆ ಸಂಬಂಧವಿಲ್ಲದ ಮೂರನೆಯವರು ತಮ್ಮ ನಿತ್ಯದ ವ್ಯವಹಾರದ ಭಾಗವಾಗಿ ಬರೆದಿಟ್ಟಿದ್ದರೂ ಹಾಗೆಯೇ ಭಾವಿಸಬಹುದು. ಆದರೆ ತಾನೇ ಬರೆದು ತಾನೇ ಇಟ್ಟುಕೊಂಡದ್ದನ್ನು ತನ್ನ ಪರವಾಗಿ ತರುವ ಪಕ್ಷಕ್ಕೆ ಈ ಎರಡು ದಾರಿಗಳೂ ಇಲ್ಲ. ಸಂಬಂಧಪಟ್ಟ ಅವಧಿಯಲ್ಲಿ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಅದು ಪುರಾವೆ ತರಬೇಕು. ಯಂತ್ರದ ಬಗ್ಗೆ ಸಾಮಾನ್ಯ ನಂಬಿಕೆಯನ್ನಾಗಲಿ ಸಾಮಾನ್ಯ ಸಂಶಯವನ್ನಾಗಲಿ ಈ ವಿಧಿ ಬೇಡುವುದಿಲ್ಲ. ಹೊಸ ಕಾಯ್ದೆ ಬರೆಯುವವರು ಆರಂಭಿಸಬೇಕಾದ ಜಾಗ ಇದೇ ಎಂದು ನಾನು ಭಾವಿಸುತ್ತೇನೆ.


ಉತ್ತರ: ಲಾಗ್‌ಬರಹ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ತಂತ್ರಾಂಶ ವ್ಯವಸ್ಥೆಗಳನ್ನು ನಿರ್ವಹಿಸುವ ಕಡೆಯಿಂದ ಒಂದೆರಡು ಮಾತು ಸೇರಿಸಬೇಕಿದೆ, ಏಕೆಂದರೆ ಕಾನೂನು ಚರ್ಚೆಗಳಲ್ಲಿ ಹ್ಯಾಶ್‌ಗೆ ಅದು ಹೊರಲಾರದಷ್ಟು ಭಾರವನ್ನು ಹೊರಿಸುವುದನ್ನು ಕಾಣುತ್ತಿದ್ದೇನೆ.

ಹ್ಯಾಶ್ ಹೇಳುವುದು ಇಷ್ಟೇ: ಹ್ಯಾಶ್ ತೆಗೆದ ಗಳಿಗೆಯಿಂದ ಈಚೆಗೆ ಕಡತದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಅದಕ್ಕೂ ಮೊದಲು ಆ ಕಡತದೊಳಗೆ ಬಂದ ಅಂಕಿ ಸರಿಯಾದದ್ದೇ ಎಂಬುದರ ಬಗ್ಗೆ ಹ್ಯಾಶ್‌ಗೆ ಹೇಳಲು ಏನೂ ಇಲ್ಲ. ತಪ್ಪು ಮೊತ್ತವನ್ನೂ ಅದು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಹೊರೈಜನ್‌ನಂಥ ಪ್ರಕರಣದಲ್ಲಿ ಪ್ರತಿಯೊಂದು ಮುದ್ರಿತ ಪ್ರತಿಗೂ ಹ್ಯಾಶ್ ಇದ್ದಿದ್ದರೂ ಆರೋಪಿಗಳಿಗೆ ಯಾವ ಸಹಾಯವೂ ಆಗುತ್ತಿರಲಿಲ್ಲ.

ಅವರಿಗೆ ಬೇಕಿದ್ದದ್ದು ಬೇರೆ ಬಗೆಯ ದಾಖಲೆಗಳು. ಆ ದಿನ ಯಾವ ಆವೃತ್ತಿಯ ತಂತ್ರಾಂಶ ಓಡುತ್ತಿತ್ತು, ಅದರಲ್ಲಿ ಆಗಲೇ ವರದಿಯಾಗಿದ್ದ ದೋಷಗಳು ಯಾವುವು, ನಿರ್ವಾಹಕರ ಅಧಿಕಾರ ಬಳಸಿ ಒಳಹೊಕ್ಕವರು ಯಾರು, ಸಂಪರ್ಕ ಕಡಿದು ಮತ್ತೆ ಬಂದಾಗ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ವ್ಯವಸ್ಥೆ ಹೇಗೆ ಸರಿಪಡಿಸಿಕೊಂಡಿತು ಎಂಬುದನ್ನು ತಿಳಿಸುವ ಲಾಗ್‌ಗಳು, ಅಂದರೆ ವ್ಯವಸ್ಥೆ ತನ್ನೊಳಗಿನ ಘಟನೆಗಳನ್ನು ತಾನೇ ಬರೆದಿಡುವ ದಾಖಲೆಗಳು. ಇವು ಮೊಕದ್ದಮೆಗೆ ಬಂದ ದಾಖಲೆಯ ಸುತ್ತಲಿನ ದಾಖಲೆಗಳು. ಕಾನೂನುಗಳು ಸಾಮಾನ್ಯವಾಗಿ ಇವುಗಳನ್ನು ಮುಟ್ಟುವುದೇ ಇಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮದ 7ನೆಯ ಕಲಂ ನೋಡಿ: ದಾಖಲೆಯ ಮೂಲ, ಅದು ತಲುಪಿದ ಜಾಗ, ದಿನಾಂಕ, ಸಮಯ ತಿಳಿಯುವಂಥ ವಿವರಗಳನ್ನು ಕಾಪಾಡಬೇಕೆಂದು ಹೇಳುವ ಆ ಕಲಂ, ಕಳುಹಿಸುವ ಮತ್ತು ಸ್ವೀಕರಿಸುವ ಕೆಲಸಕ್ಕಾಗಿ ಮಾತ್ರವೇ ತಾನಾಗಿ ಹುಟ್ಟುವ ಮಾಹಿತಿಗೆ ವಿನಾಯಿತಿಯನ್ನೂ ಕೊಡುತ್ತದೆ. 2000ದಲ್ಲಿ, ಸಂಗ್ರಹಣೆ ದುಬಾರಿಯಾಗಿದ್ದಾಗ, ಅದು ವಿವೇಕದ ಮಾತಾಗಿತ್ತು. ಇಂದು ವಿವಾದ ಹುಟ್ಟಿದಾಗ ಎಷ್ಟೋ ಸಲ ಮೊದಲು ಹುಡುಕುವುದು ಆ ಮಾಹಿತಿಯನ್ನೇ.

ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಅದರ 12ನೆಯ ವಿಧಿ, ಹೆಚ್ಚು ಅಪಾಯದವೆಂದು ಗುರುತಿಸಿದ ವ್ಯವಸ್ಥೆಗಳು ತಮ್ಮ ಜೀವಿತಾವಧಿಯುದ್ದಕ್ಕೂ ಘಟನೆಗಳನ್ನು ತಾವಾಗಿ ದಾಖಲಿಸುವ ಸಾಮರ್ಥ್ಯ ಹೊಂದಿರಬೇಕೆಂದು ಹೇಳುತ್ತದೆ. ಒಳ್ಳೆಯದೇ. ಆದರೆ ಆ ಲಾಗ್‌ಗಳನ್ನು ಇಟ್ಟುಕೊಳ್ಳಬೇಕಾದ ಕನಿಷ್ಠ ಅವಧಿ ಆರು ತಿಂಗಳು. ಒಪ್ಪಂದದ ಹಣಕ್ಕಾಗಿ ದಾವೆ ಹೂಡಲು ಭಾರತದ ಕಾಲಮಿತಿ ಅಧಿನಿಯಮ, 1963 ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ದಾವೆಯ ಹಕ್ಕು ಮೂರು ವರ್ಷ ಬದುಕುವ ಕಡೆ ಅದನ್ನು ರುಜುವಾತು ಮಾಡುವ ಲಾಗ್‌ಗೆ ಆರು ತಿಂಗಳ ಆಯುಷ್ಯ ಸಾಕೆನ್ನುವ ನಿಯಮವನ್ನು ಯಾರೂ ನಕಲು ಮಾಡಿಕೊಳ್ಳಬಾರದು. ಲಾಗ್ ಉಳಿಸಬೇಕಾದ ಅವಧಿಯನ್ನು ಆಯಾ ದೇಶದ ಕಾಲಮಿತಿ ಕಾನೂನಿಗೆ ನೇರವಾಗಿ ಜೋಡಿಸಿದರೆ ಸಾಕು, ಬೇರೆ ಸಂಖ್ಯೆಯ ಹುಡುಕಾಟವೇ ಬೇಕಿಲ್ಲ.

ದತ್ತಾಂಶದಿಂದ ಕಲಿತುಕೊಳ್ಳುವ ವ್ಯವಸ್ಥೆಗಳಲ್ಲಿ ಇನ್ನೂ ಒಂದು ತೊಡಕಿದೆ. ಮಾದರಿಯನ್ನು ಮರುತರಬೇತಿಗೊಳಿಸಿ ಹಳೆಯದನ್ನು ಅಳಿಸಿದರೆ ಅಂದಿನ ತೀರ್ಮಾನವನ್ನು ಮತ್ತೆ ಪರೀಕ್ಷಿಸಲು ಉಳಿಯುವುದು ಬರೀ ಫಲಿತಾಂಶ. ಆದ್ದರಿಂದ ವ್ಯಕ್ತಿಗಳ ಹಕ್ಕು ಬಾಧ್ಯತೆಗಳನ್ನು ಮುಟ್ಟುವ ಕಡೆ, ತೀರ್ಮಾನ ಮಾಡಿದ ಆವೃತ್ತಿಯನ್ನೂ ಅದಕ್ಕೆ ಕೊಟ್ಟ ದತ್ತಾಂಶವನ್ನೂ ಕಾಪಾಡಬೇಕೆಂದು ಕಾಯ್ದೆ ಹೇಳಬೇಕು. ಕಾಪಾಡದಿದ್ದರೆ ಆ ಕೊರತೆಯನ್ನು ಸಂಸ್ಥೆಯ ವಿರುದ್ಧವೇ ಎಣಿಸಬೇಕು.


ಉತ್ತರ: ಆಡಳಿತಪಾಠ

ಇಬ್ಬರೂ ಯಂತ್ರದ ದೋಷವನ್ನೇ ಕೇಂದ್ರದಲ್ಲಿಟ್ಟುಕೊಂಡು ಬರೆದಿದ್ದೀರಿ. ಯಂತ್ರ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ, ದಾಖಲೆಯೂ ನಿಷ್ಕಳಂಕವಾಗಿದ್ದು, ಆದರೂ ಅನ್ಯಾಯವಾದ ಪ್ರಕರಣವನ್ನು ಸಾಕ್ಷ್ಯ ಕಾನೂನಿನಿಂದ ಹಿಡಿಯಲಾಗದು. ಆಸ್ಟ್ರೇಲಿಯದ ರೋಬೋಡೆಟ್ ಯೋಜನೆ ಅಂಥದ್ದು.

ಅಲ್ಲಿ ಸಾಮಾಜಿಕ ಭದ್ರತೆಯ ನೆರವನ್ನು ಎರಡು ವಾರಗಳ ಆದಾಯ ನೋಡಿ ಲೆಕ್ಕ ಹಾಕುತ್ತಾರೆ. 2015ರಲ್ಲಿ ಆರಂಭವಾದ ಆ ಯೋಜನೆ, ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು 26 ಸಮಭಾಗ ಮಾಡಿ, ವ್ಯಕ್ತಿ ವರದಿ ಮಾಡಿದ ಆದಾಯದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಸಾಲವೆಂದು ಘೋಷಿಸಿತು. ಮೂರು ತಿಂಗಳು ಕೆಲಸವಿದ್ದು ಉಳಿದ ತಿಂಗಳು ಇಲ್ಲದವನು ಆ ಲೆಕ್ಕದಲ್ಲಿ ವರ್ಷವಿಡೀ ಅಷ್ಟಿಷ್ಟು ದುಡಿದವನಾದ. ಅಲ್ಲವೆನ್ನುವವರು ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ತಂದು ತೋರಿಸಬೇಕಾಯಿತು. 2019ರ ನವೆಂಬರಿನಲ್ಲಿ ಫೆಡರಲ್ ನ್ಯಾಯಾಲಯದ ಮುಂದೆ ಸರ್ಕಾರ ಒಂದು ಪ್ರಕರಣದಲ್ಲಿ ಆ ಬೇಡಿಕೆಗೆ ಕಾನೂನಿನ ಆಧಾರವಿಲ್ಲವೆಂದು ಒಪ್ಪಿಕೊಂಡಿತು. 2020ರಲ್ಲಿ ಸುಮಾರು 4,70,000 ಸಾಲಗಳ ಹಣವನ್ನು ಮರಳಿಸುವುದಾಗಿ ಪ್ರಕಟಿಸಿತು. ಇಲ್ಲಿ ಲಾಗ್ ಪರಿಶೀಲಿಸಿದ್ದರೆ ಭಾಗಾಕಾರ ಸರಿಯಾಗಿದೆ ಎಂದಷ್ಟೇ ತಿಳಿಯುತ್ತಿತ್ತು.

ಈ ಯೋಜನೆಯ ತನಿಖೆ ನಡೆಸಿದ ರಾಯಲ್ ಆಯೋಗ 2023ರ ಜುಲೈನಲ್ಲಿ ಕೊಟ್ಟ ವರದಿ, ಸರ್ಕಾರಿ ಸೇವೆಗಳಲ್ಲಿ ಸ್ವಯಂಚಾಲಿತ ತೀರ್ಮಾನಕ್ಕೆ ಒಂದು ಸುಸಂಬದ್ಧ ಕಾನೂನು ಚೌಕಟ್ಟು ಬೇಕೆಂದು ಶಿಫಾರಸು ಮಾಡಿತು. ಅದರ ಮೇಲೆ ಅಲ್ಲಿನ ಅಟಾರ್ನಿ ಜನರಲ್ ಇಲಾಖೆ 2024ರ ಕೊನೆಯಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿತು. ಕಂಪ್ಯೂಟರ್ ಪ್ರೋಗ್ರಾಂ ಮಾಡಿದ ತೀರ್ಮಾನವನ್ನು ಇಲಾಖೆಯ ಕಾರ್ಯದರ್ಶಿಯದೇ ಎಂದು ಭಾವಿಸುವ ವಿಧಿ ಅಲ್ಲಿನ ಸಾಮಾಜಿಕ ಭದ್ರತಾ ಕಾನೂನಿನಲ್ಲಿ ಮೊದಲೇ ಇತ್ತು ಎಂಬುದನ್ನು ಗಮನಿಸಬೇಕು. ಯಂತ್ರದ ಕೆಲಸವನ್ನು ಮನುಷ್ಯನ ಹೆಸರಿಗೆ ಬರೆದ ಮಾತ್ರಕ್ಕೆ ರಕ್ಷಣೆ ಸಿಗಲಿಲ್ಲ. ಪ್ರೋಗ್ರಾಮಿನೊಳಗಿನ ನಿಯಮ ಮೂಲ ಕಾಯ್ದೆಗೆ ಅನುಗುಣವಾಗಿದೆಯೇ ಎಂದು ಬಳಕೆಗೆ ಮುನ್ನವೇ ಪರಿಶೀಲಿಸಿ, ಆ ಪರಿಶೀಲನೆಯನ್ನು ಪ್ರಕಟಿಸುವ ಕಡ್ಡಾಯವಿರಬೇಕಿತ್ತು.

ಇಂಥ ಹೊಣೆಯ ವಿಧಿಗಳು ಒಂದೇ ಪಕ್ಷದ ಅನುಕೂಲಕ್ಕೆ ವಾಲುವ ಅಪಾಯವೂ ಇದೆ. 2018ರಲ್ಲಿ ಅದೇ ದೇಶದ ಫೆಡರಲ್ ನ್ಯಾಯಾಲಯದ ಪೂರ್ಣಪೀಠದ ಮುಂದೆ ಬಂದ ತೆರಿಗೆ ಪ್ರಕರಣದಲ್ಲಿ, ಇಷ್ಟು ಮೊತ್ತ ಕಟ್ಟಿದರೆ ಬಾಕಿ ತೀರುತ್ತದೆ ಎಂಬರ್ಥದ ಪತ್ರ ತೆರಿಗೆ ಕಚೇರಿಯಿಂದ ಹೋಗಿತ್ತು. ಅಧಿಕಾರಿ ಕೆಲವು ವಿವರ ತುಂಬಿ ಕಂಪ್ಯೂಟರಿನ ಸಿದ್ಧ ನಮೂನೆಯಿಂದ ಅದನ್ನು ಹೊರಡಿಸಿದ್ದರು. ಬಡ್ಡಿ ಮನ್ನಾ ಮಾಡುವ ಬಗ್ಗೆ ಅಧಿಕಾರಿಯ ಮನಸ್ಸಿನಲ್ಲಿ ವಿಚಾರ ಪ್ರಕ್ರಿಯೆ ನಡೆದೇ ಇರಲಿಲ್ಲವಾದ್ದರಿಂದ ಅದು ತೀರ್ಮಾನವೇ ಅಲ್ಲವೆಂದು ಬಹುಮತದ ತೀರ್ಪು ಹೇಳಿತು. ತಂತ್ರಜ್ಞಾನಕ್ಕೆ ತಕ್ಕಂತೆ ಕಾನೂನಿನ ಗ್ರಹಿಕೆಯೂ ಬದಲಾಗಬೇಕೆಂದು ಒಬ್ಬ ನ್ಯಾಯಾಧೀಶರು ಭಿನ್ನಮತ ಬರೆದರು. ಅವರ ಮಾತೇ ನನಗೆ ಸರಿಯೆನಿಸುತ್ತದೆ. ಹಣ ವಸೂಲಿ ಮಾಡುವಾಗ ಯಂತ್ರದ ಮಾತು ಇಲಾಖೆಯದ್ದಾಗಿ, ರಿಯಾಯಿತಿ ಕೊಟ್ಟಾಗ ಮಾತ್ರ ಯಾರದ್ದೂ ಆಗದಿದ್ದರೆ ಅದು ನಿಯಮವೆನಿಸುವುದಿಲ್ಲ.


ಮರುಪ್ರಶ್ನೆ: ಕರಡುಓದುಗ

ಮೂವರಿಗೂ ಕೃತಜ್ಞತೆಗಳು. ಸರ್ಕಾರದ ಸಂದರ್ಭ ಸ್ಪಷ್ಟವಾಯಿತು. ಖಾಸಗಿ ಒಪ್ಪಂದಗಳಲ್ಲಿ ಯಂತ್ರ ನಿರೀಕ್ಷೆಯೇ ಇಲ್ಲದ ಬೆಲೆಗೆ ಮಾರಿದರೆ ಅಥವಾ ಇಲ್ಲದ ಸೌಲಭ್ಯದ ಭರವಸೆ ಕೊಟ್ಟರೆ, ಅದನ್ನು ನಿಯೋಜಿಸಿದವರು ಹಿಂದೆ ಸರಿಯಬಹುದೇ? ಹಾಗೆಯೇ ಒಂದು ಕಾಯ್ದೆಯೋ ಎರಡೋ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.


ಉತ್ತರ: ಸಾಕ್ಷ್ಯವಿಚಾರ

ಅನ್‌ಸಿಟ್ರಾಲ್‌ನ 2024ರ ಮಾದರಿ ಕಾನೂನಿನಲ್ಲಿ ಇದಕ್ಕೊಂದು ವಿಧಿಯಿದೆ, ಬೇಕಾದ ದೇಶಗಳು ಅಳವಡಿಸಿಕೊಳ್ಳಬಹುದಾದ ಐಚ್ಛಿಕ ವಿಧಿಯಾಗಿ. ಯಂತ್ರದ ವರ್ತನೆಯನ್ನು ನಿಯೋಜಿಸಿದವರು ನ್ಯಾಯಸಮ್ಮತವಾಗಿ ನಿರೀಕ್ಷಿಸಲು ಸಾಧ್ಯವಿರಲಿಲ್ಲ ಎಂಬುದಷ್ಟೇ ಸಾಲದು. ಅವರು ನಿರೀಕ್ಷಿಸಿರಲಿಲ್ಲವೆಂಬುದು ಎದುರಿನವರಿಗೆ ಗೊತ್ತಿರಬೇಕು ಅಥವಾ ಗೊತ್ತಿರಬೇಕಾದ ಸ್ಥಿತಿ ಇರಬೇಕು. ಎರಡೂ ಕೂಡಿದರೆ ಮಾತ್ರ ಎದುರಿನವರು ಆ ವರ್ತನೆಯ ಲಾಭ ಪಡೆಯಲಾಗದು. ಈ ಎರಡನೆಯ ಷರತ್ತನ್ನು ಸಡಿಲಿಸದೆ ಇಟ್ಟುಕೊಂಡರೆ ವಿಧಿಗೆ ನನ್ನ ಒಪ್ಪಿಗೆಯಿದೆ.

ಸಿಂಗಪುರದ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ತೀರ್ಮಾನಿಸಿದ ಪ್ರಕರಣದಲ್ಲಿ, ಕ್ರಿಪ್ಟೊ ಕರೆನ್ಸಿ ವಿನಿಮಯ ವೇದಿಕೆಯೊಂದರ ತಾಂತ್ರಿಕ ಲೋಪದಿಂದಾಗಿ ಮಾರುಕಟ್ಟೆ ದರದ ಸುಮಾರು 250 ಪಟ್ಟು ಬೆಲೆಗೆ ವ್ಯವಹಾರಗಳು ನಡೆದಿದ್ದವು. ವೇದಿಕೆ ಮರುದಿನ ಅವನ್ನು ಏಕಪಕ್ಷೀಯವಾಗಿ ಹಿಂದಿರುಗಿಸಿತು. ಎರಡೂ ಕಡೆ ವ್ಯವಹರಿಸಿದ್ದು ಪ್ರೋಗ್ರಾಂಗಳೇ. ಹಾಗಾದರೆ ಯಾರ ತಿಳಿವಳಿಕೆಯನ್ನು ಅಳೆಯಬೇಕು? ಪ್ರೋಗ್ರಾಂ ಬರೆದವರದ್ದು, ಬರೆದ ಹೊತ್ತಿನಿಂದ ಒಪ್ಪಂದವಾಗುವ ಹೊತ್ತಿನವರೆಗಿನದ್ದು ಎಂದು ಬಹುಮತ ಹೇಳಿ, ವೇದಿಕೆ ಒಪ್ಪಂದ ಮುರಿದಿದೆಯೆಂದು ತೀರ್ಪಿತ್ತಿತು. ಇಲ್ಲಿಯೂ ಒಂದು ಭಿನ್ನಮತವಿತ್ತು. ಆ ತೀರ್ಪಿನಲ್ಲಿದ್ದದ್ದು ನಿಗದಿತ ಸೂಚನೆಗಳನ್ನಷ್ಟೇ ಪಾಲಿಸುವ ಪ್ರೋಗ್ರಾಂ. ಕಲಿತು ಬದಲಾಗುವ ವ್ಯವಸ್ಥೆಗೆ ಇದೇ ಅಳತೆಗೋಲು ಹೊಂದುವುದು ಕಷ್ಟ, ಏಕೆಂದರೆ ಬರೆದವರ ಮನಸ್ಸಿನಲ್ಲಿ ಆ ಬೆಲೆಯ ಯೋಚನೆಯೇ ಇದ್ದಿರುವುದಿಲ್ಲ. ಹಾಗಾಗಿ ಹೊಸ ಕಾಯ್ದೆಯು ವ್ಯವಸ್ಥೆಯನ್ನು ನಿಯೋಜಿಸಿದವರ ತಿಳಿವಳಿಕೆಯನ್ನೇ ಅಳತೆಗೋಲಾಗಿ ಹಿಡಿಯುವುದು ಉತ್ತಮ.

ಗ್ರಾಹಕರ ವಿಷಯದಲ್ಲಿ ಮಾತು ಸರಳ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದ ನ್ಯಾಯಮಂಡಳಿಯೊಂದು 2024ರಲ್ಲಿ, ವಿಮಾನ ಸಂಸ್ಥೆಯ ಜಾಲತಾಣದ ಚಾಟ್‌ಬಾಟ್ ಕೊಟ್ಟ ತಪ್ಪು ಮಾಹಿತಿಗೆ ಆ ಸಂಸ್ಥೆಯೇ ಹೊಣೆ ಎಂದಿತು. ಯಂತ್ರದೊಂದಿಗೆ ವ್ಯವಹರಿಸುವಾಗ ಮನುಷ್ಯ ಮಾಡುವ ಕೈತಪ್ಪಿಗೂ ಪರಿಹಾರವಿದೆ: ತಿದ್ದಿಕೊಳ್ಳುವ ಅವಕಾಶವನ್ನು ವ್ಯವಸ್ಥೆ ಕೊಡದಿದ್ದರೆ, ಕೂಡಲೇ ತಿಳಿಸಿ, ತಪ್ಪಾದ ಭಾಗವನ್ನು ಹಿಂತೆಗೆದುಕೊಳ್ಳಬಹುದೆಂದು ಒಪ್ಪಂದಗಳಲ್ಲಿ ವಿದ್ಯುನ್ಮಾನ ಸಂವಹನದ ಬಳಕೆ ಕುರಿತ ವಿಶ್ವಸಂಸ್ಥೆಯ 2005ರ ಒಡಂಬಡಿಕೆಯ 14ನೆಯ ವಿಧಿ ಹೇಳುತ್ತದೆ. ಗ್ರಾಹಕರ ವ್ಯವಹಾರಗಳು ಆ ಒಡಂಬಡಿಕೆಯ ಹೊರಗಿವೆ. ರಾಷ್ಟ್ರೀಯ ಕಾಯ್ದೆ ಅವರಿಗೂ ಈ ಹಕ್ಕನ್ನು ವಿಸ್ತರಿಸಬೇಕು.

ಒಂದೋ ಎರಡೋ ಎಂಬುದಕ್ಕೆ: ಹೊಣೆಯ ವಿಧಿ, ಲಾಗ್ ಕಾಪಾಡುವ ವಿಧಿ, ಪೂರ್ವಭಾವನೆಯ ವಿಧಿ ಈ ಮೂರೂ ಒಂದೇ ಕಾಯ್ದೆಯಲ್ಲಿರಲಿ, ಒಂದನ್ನು ಪಾಲಿಸದವರು ಇನ್ನೊಂದರ ಲಾಭ ಪಡೆಯದಂತೆ. ಲಾಗ್ ಕಾಪಾಡದ ಸಂಸ್ಥೆಗೆ ಪೂರ್ವಭಾವನೆಯ ಆಸರೆ ಸಿಗಬಾರದು. ಆಡಳಿತಪಾಠ ಅವರು ಹೇಳಿದ ಮುಂಗಡ ಪರಿಶೀಲನೆಯನ್ನು ಮಾತ್ರ ಆಯಾ ಸೇವೆಯ ಮೂಲ ಕಾಯ್ದೆಯಲ್ಲೇ ಇಡುವುದು ಸರಿ. ಪಿಂಚಣಿಯ ನಿಯಮವನ್ನು ಪ್ರೋಗ್ರಾಂ ಸರಿಯಾಗಿ ಹಿಡಿದಿದೆಯೇ ಎಂದು ಹೇಳಬಲ್ಲವರು ಪಿಂಚಣಿ ಕಾನೂನು ಬಲ್ಲವರೇ.


ಉತ್ತರ: ಲಾಗ್‌ಬರಹ

ಕೆನಡಾದ ಮಾದರಿಯನ್ನು ತೆಗೆದುಕೊಳ್ಳುವುದಾದರೆ ಒಂದು ಸಂದನ್ನು ಮುಚ್ಚಲೇಬೇಕು. ಈಗ ಎಷ್ಟೋ ಸಂಸ್ಥೆಗಳ ದಾಖಲೆಗಳು ಹೊರಗಿನ ಕ್ಲೌಡ್ ಸೇವೆಯಲ್ಲಿ ಇರುತ್ತವೆ. ಅವನ್ನು ಇಟ್ಟುಕೊಂಡವರು ಮೂರನೆಯವರು, ಆದ್ದರಿಂದ ಪೂರ್ವಭಾವನೆ ನಮಗೂ ಸಿಗಬೇಕು ಎಂಬ ವಾದ ಬಂದೇ ಬರುತ್ತದೆ. ಹೊರೈಜನ್ ವ್ಯವಸ್ಥೆಯನ್ನೂ ನಡೆಸುತ್ತಿದ್ದದ್ದು ಅಂಚೆ ಸಂಸ್ಥೆಯಲ್ಲ, ಗುತ್ತಿಗೆ ಪಡೆದ ಕಂಪನಿ.


ಉತ್ತರ: ಸಾಕ್ಷ್ಯವಿಚಾರ

ಆ ಸೆಕ್ಷನ್ನಿನಲ್ಲೇ ಅದಕ್ಕೆ ಉತ್ತರವಿದೆ. ಮೂರನೆಯವರು ದಾಖಲೆಯನ್ನು ಮುಂದಿಡುವ ಪಕ್ಷದ ನಿಯಂತ್ರಣದಲ್ಲಿ ಅದನ್ನು ಬರೆದಿಟ್ಟವರಾಗಿರಬಾರದು ಎಂಬ ಷರತ್ತು ಅಲ್ಲಿದೆ. ಹೊಸ ಕರಡಿನಲ್ಲಿ ಇನ್ನೂ ಬಿಡಿಸಿ ಹೇಳಬಹುದು: ಒಪ್ಪಂದದ ಮೂಲಕ ಸೇವೆ ಒದಗಿಸುವವರು ಈ ವಿಧಿಯ ಉದ್ದೇಶಕ್ಕೆ ಮೂರನೆಯವರಲ್ಲ, ಮತ್ತು ಅವರ ಬಳಿಯಿರುವ ಲಾಗ್‌ಗಳು ನಿಯೋಜಿಸಿದವರ ಬಳಿಯೇ ಇವೆಯೆಂದು ಭಾವಿಸತಕ್ಕದ್ದು. ಆಗ ಲಾಗ್ ನಮ್ಮ ಕೈಯಲ್ಲಿಲ್ಲ, ಗುತ್ತಿಗೆದಾರರನ್ನು ಕೇಳಿ ಎಂಬ ಉತ್ತರಕ್ಕೂ ಅವಕಾಶ ಇರುವುದಿಲ್ಲ.